ತಪ್ಪೇ ಮಾಡಲಾಗದ ಅಜ್ಜಿಗೆ ಒಂದು ಹಳದಿ ಚೀಟಿ

ಶಿಝುಓಕದ ಬಂದರು ಬದಿಯ ಇಸೊಬೆ ಎರಡನೇ ಕೇರಿಯ ಕಸದ ಪಾಳಿಯ ಮುಖ್ಯಸ್ಥರೂ, ನಮ್ಮೂರ ಬಂದರು ತಂಡದ ಮಾಜಿ ಫುಟ್‌ಬಾಲ್ ಆಟಗಾರರೂ, ಮೀನುವಡೆ ಅಂಗಡಿಯ ಯಜಮಾನರೂ, ಇತ್ತೀಚೆಗೆ ಅರ್ಧ ಭೂಮಂಡಲದ ಮೊಬೈಲುಗಳಲ್ಲಿ ಬಾಡಿಗೆಯಿಲ್ಲದೆ ವಾಸವಾಗಿರುವವರೂ ಆದ ಶ್ರೀ ಕುರೆಬಯಾಶಿ ತೆತ್ಸುಜಿ ಅವರ ಸನ್ನಿಧಾನಕ್ಕೆ

ಮಾನ್ಯರೇ,

ದೇವದಾರು ಮರಗಳ ಹೂಪುಡಿ ಗಾಳಿಯಲ್ಲಿ ತುಂಬಿ, ಊರಿಗೆ ಊರೇ ಒಕ್ಕೊರಲಿನಿಂದ ಸೀನುತ್ತಿರುವ ಈ ಮಂಗಳಕರ ಮಾರ್ಚ್ ತಿಂಗಳಲ್ಲಿ ತಾವೂ, ತಮ್ಮ ಶ್ರೀಮತಿಯವರೂ, ತಮ್ಮ ಕೊರಳ ಸೀಟಿಯೂ ಕ್ಷೇಮವಾಗಿರುವಿರೆಂದು ನಂಬಿ, ನನ್ನ ಸೊಂಟಕ್ಕೆ ಸಾಧ್ಯವಾದಷ್ಟು ಆಳಕ್ಕೆ ಬಾಗಿ ವಂದಿಸಿ (ತಮ್ಮಷ್ಟು ಬಾಗಲು ನನಗೆ ತರಬೇತಿ ಇಲ್ಲ) ಈ ದೂರನ್ನು ಸಲ್ಲಿಸುತ್ತಿದ್ದೇನೆ. ಇದನ್ನು ಲಕೋಟೆಯಲ್ಲಿ ಹಾಕದೆ, ಮನೆಯಿಂದ ಮನೆಗೆ ಕೈದಾಟುವ ಕೇರಿಯ ಸುತ್ತೋಲೆ ಹಲಗೆಗೆ ಸಿಕ್ಕಿಸಿ ಬಿಟ್ಟಿದ್ದೇನೆ. ಸರದಿಯಲ್ಲಿ ತಮ್ಮ ಮನೆಯೇ ಕೊನೆಯದಾದ್ದರಿಂದ, ಇದು ತಮ್ಮ ಕೈ ಸೇರುವ ಹೊತ್ತಿಗೆ ಕೇರಿಯವರೆಲ್ಲ ಓದಿ, ನಕ್ಕು, ಅಂಚಿನಲ್ಲಿ ತಂತಮ್ಮ ಮುದ್ರೆ ಒತ್ತಿರುತ್ತಾರೆ. ಬಹಿರಂಗ ಪತ್ರವೊಂದು ಇದಕ್ಕಿಂತ ಹೆಚ್ಚು ಬಹಿರಂಗವಾಗುವುದು ಹೇಗೆಂದು ನನಗೆ ತಿಳಿಯದು.

ದೂರು ಚಿಕ್ಕದು. ಕಸವನ್ನು ತಪ್ಪಾಗಿ ವಿಂಗಡಿಸಿದವರ ಚೀಲಕ್ಕೆ ಅಂಟಿಸುವ ಹಳದಿ ಚೀಟಿಯನ್ನು ತಾವು ಈ ವರ್ಷ ಕೇರಿಯವರಿಗೆಲ್ಲ ಕರುಣಿಸಿದ್ದೀರಿ, ಕೇರಿಯವರಲ್ಲದವರಿಗೂ ಕರುಣಿಸಿದ್ದೀರಿ, ಒಮ್ಮೆ ಕಾಫಿ ಡಬ್ಬಿ ಎಸೆಯಲು ನಿಂತ ಅಂಚೆಯವರಿಗೂ ಕರುಣಿಸಿದ್ದೀರಿ. ನಮ್ಮ ಅಜ್ಜಿ ಕತ್ಸುಮತ ಕಿನು ಅವರೊಬ್ಬರಿಗೆ ಮಾತ್ರ ಇಲ್ಲ. ಬರುವ ಶುಕ್ರವಾರ ತಮ್ಮ ಪಾಳಿಯ ಕೊನೆಯ ದಿನ. ಏಪ್ರಿಲ್‌ನಿಂದ ಪಾಳಿ ಹಲ್ಲಿನ ಡಾಕ್ಟರು ನಿಶಿಗಾಯ ಅವರಿಗೆ ಹೋಗುತ್ತದೆ. ಅವರೂ ಚೀಟಿ ಅಂಟಿಸಬಲ್ಲರು, ನಿಜ. ಆದರೆ ಹಲ್ಲಿನ ಡಾಕ್ಟರು ಕೊಟ್ಟ ಚೀಟಿಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಕೊಂಡು ಯಾರು ತಾನೇ ಹಿಗ್ಗುತ್ತಾರೆ? ಶುಕ್ರವಾರ ಸಿಗದಿದ್ದರೆ ಅಜ್ಜಿಗೆ ಇನ್ನು ಯಾವತ್ತೂ ಸಿಗುವುದಿಲ್ಲ, ಮತ್ತು ಆ ದುಃಖದ ಜೊತೆ ಒಂದೇ ಮನೆಯಲ್ಲಿ ಬಾಳಬೇಕಾದದ್ದು ನಾನು.

ಇಷ್ಟಕ್ಕೆಲ್ಲ ತಾವೇ ಕಾರಣ ಎಂಬುದನ್ನು ವಿನಯಪೂರ್ವಕವಾಗಿ ನೆನಪಿಸುತ್ತೇನೆ. ಹಿಂದೆಲ್ಲ ಕಸದ ಪಾಳಿ ಎಂದರೆ ಜನ ಹೊಟ್ಟೆನೋವು ಎಂದು ಮಲಗುತ್ತಿದ್ದರು. ಕಳೆದ ಏಪ್ರಿಲ್‌ನಲ್ಲಿ ಪಾಳಿ ತಮ್ಮ ಮನೆಗೆ ಬಂದಾಗ, ಹಳೇ ತಂಡದ ನೀಲಿ ಅಂಗಿ ತೊಟ್ಟು, ಕೊರಳಿಗೆ ಸೀಟಿ ನೇತುಹಾಕಿಕೊಂಡು, ಕಾಗೆ ಕೆದಕದಂತೆ ಕಸಕ್ಕೆ ಹೊದಿಸುವ ಬಲೆಯ ಪಕ್ಕ ತಾವು ಕಾಲು ಅಗಲಿಸಿ ನಿಂತಿರಿ. ಬಾಟಲಿಯ ಮುಚ್ಚಳ ತೆಗೆಯದ ಚೀಲವೊಂದು ಬಂತು. ತಾವು ಸೀಟಿ ಊದಿದಿರಿ. ಎದೆಯ ಜೇಬಿನಿಂದ ಹಳದಿ ಚೀಟಿ ತೆಗೆದು, ಆ ಚೀಲದ ಮುಖಕ್ಕೆ ನೇರವಾಗಿ ತೋಳೆತ್ತಿ ಹಿಡಿದಿರಿ. ಆಮೇಲೆ ಚೀಟಿಗೆ ಕಾರಣ ಬರೆದು, ಸಹಿ ಹಾಕಿ, ಅಂಟಿಸಿ, ಅದೇ ಚೀಲಕ್ಕೆ ಸೊಂಟ ಮುರಿಯುವಷ್ಟು ಬಾಗಿ ನಮಸ್ಕಾರ ಮಾಡಿದಿರಿ. ಆಟವಾಡುವ ಕಾಲದಲ್ಲೂ ತಾವು ಹೀಗೆಯೇ ಇದ್ದಿರಂತೆ: ರೆಫರಿ ಹಳದಿ ಕಾರ್ಡು ತೋರಿಸಿದಾಗಲೆಲ್ಲ ಬಾಗುತ್ತಿದ್ದಿರಂತೆ, ತೋರಿಸುತ್ತಿದ್ದದ್ದು ಸಾಕಷ್ಟು ಸಲವಾದ್ದರಿಂದ ತಮ್ಮ ಬೆನ್ನು ಇಂದಿಗೂ ಇಷ್ಟು ಬಳುಕುತ್ತದಂತೆ. ಇದು ಅಜ್ಜಿಯ ಹೇಳಿಕೆ, ನನ್ನದಲ್ಲ.

ತಮ್ಮ ದುರದೃಷ್ಟಕ್ಕೆ ಆ ಚೀಲ, ಬ್ರೆಜಿಲ್‌ನಿಂದ ಬಂದು ಮೋಟಾರು ಕಾರ್ಖಾನೆಯಲ್ಲಿ ದುಡಿಯುತ್ತ ಇಪ್ಪತ್ತು ವರ್ಷದಿಂದ ನಮ್ಮ ಕೇರಿಯಲ್ಲೇ ಇರುವ ಲೂಸಿಮಾರ ಅವರದ್ದಾಗಿತ್ತು. ಫುಟ್‌ಬಾಲಿನ ದೇಶದವರ ಮುಂದೆ ಹಳದಿ ಎತ್ತಿ ತೋರಿಸಿ ಸುಮ್ಮನೆ ಮನೆಗೆ ಹೋಗಬಹುದೆಂದು ತಾವು ಎಣಿಸಿದ್ದೇ ತಪ್ಪು. ಅವರು ಚಪ್ಪಲಿಯಲ್ಲೇ ಓಡಿಬಂದು, ಎರಡೂ ಕೈ ಆಕಾಶಕ್ಕೆ ಎತ್ತಿ, "ಏನ್ರೀ ಅನ್ಯಾಯ ಇದು! ನಾನ್ ಮುಟ್ಟೇ ಇಲ್ಲ! ಮುಚ್ಚಳ ತಾನಾಗೇ ಕೂತಿತ್ತು! ಆ ಕಡೆಯವ್ರು ಮಾಡಿದ್ದು ನಿಮ್ಗೆ ಕಾಣ್ಸಲ್ವಾ?" ಎಂದು ಪಕ್ಕದ ಮನೆಯ ಚೀಲದ ಕಡೆ ಬೆರಳು ತೋರಿಸಿ, ಎದೆ ಹಿಡಿದುಕೊಂಡು ನೆಲಕ್ಕೆ ಕುಸಿದು ಎರಡು ಉರುಳು ಉರುಳಿದರು. ತಾವು ಮುಖದ ಒಂದು ಗೆರೆಯೂ ಅಲುಗದಂತೆ, "ಹತ್ತಿರ ಬರಬೇಡಿ, ಎರಡನೇದೂ ಬಂದೀತು" ಎಂದಿರಿ. ಅವರ ಮಗಳು ಕಿಟಕಿಯಿಂದ ಇದನ್ನೆಲ್ಲ ಚಿತ್ರೀಕರಿಸಿ ಸಾವೊ ಪಾವ್ಲೊದ ದೊಡ್ಡಮ್ಮನಿಗೆ ಕಳಿಸಿದಳು. ದೊಡ್ಡಮ್ಮ ಎಲ್ಲರಿಗೂ ಕಳಿಸಿದರು. ಎಲ್ಲರೂ ಎಲ್ಲರಿಗೂ ಕಳಿಸಿದರು. ತಾವು ಹದಿನಾಲ್ಕು ವರ್ಷ ಚೆಂಡು ಒದ್ದು ಪಡೆಯಲಾಗದ ಕೀರ್ತಿಯನ್ನು ಒಂದು ಬಾಟಲಿ ಮುಚ್ಚಳ ಊಟದ ಹೊತ್ತಿಗೆ ತಂದುಕೊಟ್ಟಿತು.

ಆ ಕೀರ್ತಿಯ ಫಲವನ್ನು ಕೇರಿ ಹೇಗೆ ಉಣ್ಣುತ್ತಿದೆ ಎಂಬುದನ್ನು ಸ್ವಲ್ಪ ವಿವರಿಸಲು ಅಪ್ಪಣೆಯಾಗಲಿ. ವಿಂಗಡಣೆಯಲ್ಲಿ ಇಡೀ ಊರಿಗೆ ಮಾದರಿ ಎನಿಸಿಕೊಂಡಿದ್ದ ಇಸೊಬೆ ಎರಡನೇ ಕೇರಿಯಲ್ಲಿ ಈಗ ಸರಿಯಾಗಿ ಕಸ ಹಾಕುವವರು ಸಂಕೋಚದಿಂದ ತಲೆ ತಗ್ಗಿಸಿ ನಡೆಯುತ್ತಾರೆ. ಮಂಗಳವಾರ ಮತ್ತು ಶುಕ್ರವಾರ, ಉರಿಯುವ ಕಸದ ದಿನ, ತಾವು ಸಹಿ ಹಾಕಿದ ಚೀಟಿಯ ಆಸೆಗೆ ಜನ ಉರಿಯದ್ದನ್ನೇ ಹುಡುಕಿ ಹುಡುಕಿ ತರುತ್ತಾರೆ. ಒಸಾಕದವರೊಬ್ಬರು ತಮ್ಮ ಮನೆಯ ಹಳೇ ಇಸ್ತ್ರಿಪೆಟ್ಟಿಗೆಯನ್ನು ರೇಷ್ಮೆ ವಸ್ತ್ರದಲ್ಲಿ ಸುತ್ತಿ, ಮಡಿಲಲ್ಲಿಟ್ಟುಕೊಂಡು ಬುಲೆಟ್ ರೈಲಿನಲ್ಲಿ ಬಂದರು. ಮೆಕ್ಸಿಕೊದ ನವದಂಪತಿ ಮದುವೆಯ ಮರುವಾರ ಬಂದು ಜೋಡಿಯಾಗಿ ಬಿಯರ್ ಡಬ್ಬಿ ಎಸೆದು, ಜೋಡಿಯಾಗಿ ಚೀಟಿ ಪಡೆದು, ಅಲ್ಲೇ ಕಣ್ಣೀರಿಟ್ಟು ಅಪ್ಪಿಕೊಂಡರು. ಕಸದ ಲಾರಿಯ ಚಾಲಕರು ಕೂದಲಿಗೆ ಎಣ್ಣೆ ಹಚ್ಚಿ ಬಾಚಿಕೊಂಡು ಬರತೊಡಗಿದ್ದಾರೆ. ಕಾಗೆಗಳು ಮಾತ್ರ, ಇಷ್ಟೊಂದು ಜನರ ನಡುವೆ ಉಪಾಹಾರ ದಕ್ಕದೆ, ಮೂರನೇ ಕೇರಿಗೆ ವಲಸೆ ಹೋಗಿವೆ. ಮೂರನೇ ಕೇರಿಯವರು ಇದಕ್ಕೂ ತಮ್ಮನ್ನೇ ಹೊಣೆ ಮಾಡಿ ಪ್ರತ್ಯೇಕ ಪತ್ರ ಬರೆಯುತ್ತಿದ್ದಾರೆಂದು ಕೇಳಿದ್ದೇನೆ. ಇನ್ನು ಉಳಿದದ್ದು ತಮ್ಮ ಅಂಗಡಿಯ ಕಪ್ಪು ಮೀನುವಡೆಯ ವಿಷಯ. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಖಾಲಿಯಾಗುವ ಆ ವಡೆಯಿಲ್ಲದೆ, ನಮ್ಮ ಮನೆಯ ಕರಿಸಾರಿನ ಪಾತ್ರೆಯಲ್ಲಿ ಮೂಲಂಗಿ ಒಂಟಿಯಾಗಿ ತೇಲುತ್ತಿದೆ.

ಇದನ್ನೆಲ್ಲ ಸಹಿಸಿಕೊಳ್ಳಬಹುದಿತ್ತು. ಸಹಿಸಲಾಗದ್ದು ಅಜ್ಜಿಯ ಪಾಡು.

ತಾವು ಆಡುತ್ತಿದ್ದಷ್ಟು ಕಾಲವೂ ಮೈದಾನದ ಎಡಗಡೆಯ ಗೆರೆಯ ಹಿಂದೆ, ತಾವು ಬೆವರೊರೆಸಿಕೊಳ್ಳುವುದು ಕಾಣುವಷ್ಟು ಹತ್ತಿರ ಕೂತು, ಸ್ವಂತ ಕೈಯಿಂದ ಹೆಣೆದ ನೀಲಿ ಸ್ವೆಟರ್ ತೊಟ್ಟು ತಮ್ಮನ್ನು ನೋಡಿದವರು ಅವರು. ಗೋಲು ಹೊಡೆಯುವವರನ್ನು ಎಲ್ಲರೂ ಮೆಚ್ಚುತ್ತಾರೆ, ತಡೆಯುವವರನ್ನು ನೋಡೋಕೆ ಕಣ್ಣು ಬೇಕು ಎನ್ನುತ್ತಿದ್ದರಂತೆ. ಅಂಥವರಿಗೆ ತಮ್ಮ ಸಹಿಯಿರುವ ಚೀಟಿ ಇಲ್ಲ. ಮರದ ಸುತ್ತಿಗೆಯಿಂದ ಚೆಂಡು ತಳ್ಳುವ ಅವರ ಗೇಟ್‌ಬಾಲ್ ತಂಡದ ಮುದುಕಿಯರಿಗೆಲ್ಲ ಇದೆ. ಫುಟ್‌ಬಾಲ್ ಚೆಂಡು ದುಂಡಗಿದೆಯೋ ಚೌಕವೋ ಎಂದು ತಿಳಿಯದ ಯೊನೆ ಅಜ್ಜಿಗೆ ಮೂರಿವೆ. ಅವರು ಪ್ರತಿ ಆಟದ ಕೊನೆಗೆ ಸುತ್ತಿಗೆಯ ಮೇಲೆ ಗಲ್ಲವೂರಿ, "ಏನೇ ಕಿನು, ನಿನ್ನ ಫ್ರಿಜ್ಜು ಇನ್ನೂ ಬೋಳೇನೇ?" ಎಂದು ಕೇಳುತ್ತಾರೆ. ಅಜ್ಜಿ, "ನಮ್ಮ ಮನೇಲಿ ತಪ್ಪು ಮಾಡೋರಿಲ್ಲ ಕಣೇ" ಎಂದು ಬೆನ್ನು ನೆಟ್ಟಗೆ ಮಾಡಿಕೊಂಡು ಮನೆಗೆ ಬಂದು, ಫ್ರಿಜ್ಜಿನ ಮುಂದೆ ಕುರ್ಚಿ ಹಾಕಿಕೊಂಡು ಕೂರುತ್ತಾರೆ.

ತಪ್ಪು ಮಾಡಿಬಿಡಿ ಅಜ್ಜಿ, ಒಂದೇ ಒಂದು, ಎಂದು ನಾನು ಕೈಮುಗಿದೆ. ಅವರು ಪ್ರಯತ್ನಿಸಲಿಲ್ಲ ಎಂದು ತಾವು ಭಾವಿಸಬಾರದು. ತೋಫುವಿನ ಡಬ್ಬಿಯನ್ನು ಮೂರು ನೀರಿನಲ್ಲಿ ತೊಳೆದು, ಹಾಲಿನ ರಟ್ಟನ್ನು ಬಿಚ್ಚಿ ಒಣಹಾಕಿ, ಬೀನ್ಸು ಕಟ್ಟಿ ಬಂದ ರಬ್ಬರ್ ಬ್ಯಾಂಡನ್ನೂ ಎಸೆಯದೆ ಮಣಿಕಟ್ಟಿಗೆ ಬಳೆಯಂತೆ ತೊಟ್ಟುಕೊಳ್ಳುವ ಕೈ ಅದು, ಹೇಳಿದರೆ ಕೇಳಬೇಕಲ್ಲ! ಒಂದು ದಿನ ಮುಚ್ಚಳವಿರುವ ಬಾಟಲಿ ಹಿಡಿದು ಧೈರ್ಯವಾಗಿ ಹೊರಟರು. ತಿರುವಿನಲ್ಲಿ ನಿಂತರು. ವಾಪಸ್ ಬಂದು ಮುಚ್ಚಳ ತೆಗೆದರು. "ಏನ್ ಮಾಡ್ಲಿ ಇಬುಕಿ, ಬೆರಳು ತಾನಾಗೇ ತಿರುಗಿಸ್ಬಿಡ್ತು" ಎಂದರು. ಇನ್ನೊಂದು ದಿನ ಅವರಿಗೆ ತಿಳಿಯದಂತೆ ನಾನೇ ಉರಿಯುವ ಕಸದ ತಳದಲ್ಲಿ ತುಕ್ಕು ಹಿಡಿದ ಬಾಣಲೆ ಹುದುಗಿಸಿಟ್ಟೆ. ಚೀಲ ಎತ್ತಿದ್ದೇ ತಡ, "ಇದ್ರಲ್ಲಿ ಯಾರೋ ಬಾಣಲೆ ಇಟ್ಟಿದಾರೆ. ಹದಿನೆಂಟು ಸೆಂಟಿಮೀಟರಿಂದು" ಎಂದು ನನ್ನ ಕಡೆ ನೋಡಿದರು. ನಾನು ಆಕಾಶದ ಕಡೆ ನೋಡಿದೆ.

ಕೊನೆಗೆ ಫೆಬ್ರುವರಿಯ ಒಂದು ಮಂಗಳವಾರ, ಕಣ್ಣು ಮುಚ್ಚಿಕೊಂಡು, ಉರಿಯುವ ಕಸದ ನಡುವೆ ಅವರು ಒಂದು ತಗಡಿನ ಡಬ್ಬಿ ಇಟ್ಟೇಬಿಟ್ಟರು. ಮನೆಗೆ ಓಡಿಬಂದು, ಬಾಗಿಲ ಹಿಂದೆ ನಿಂತು, ಎದೆ ಹಿಡಿದುಕೊಂಡು ಸೀಟಿಗಾಗಿ ಕಾದರು. ಸೀಟಿ ಕೇಳಿಸಲಿಲ್ಲ. ಬಾಗಿಲು ಬಡಿದ ಸದ್ದಾಯಿತು. ತಾವು ನಿಂತಿದ್ದಿರಿ, ಎರಡೂ ಕೈಯಲ್ಲಿ ಆ ಡಬ್ಬಿ ಹಿಡಿದುಕೊಂಡು. ಅದನ್ನು ಅವರು ಎಷ್ಟು ತಿಕ್ಕಿ ತೊಳೆದಿದ್ದರೆಂದರೆ, ಕಂಪನಿಯ ಲೇಬಲ್ ಕಿತ್ತು, ಅಂಚು ಒರೆಸಿ, ಬೆಳ್ಳಿಯಂತೆ ಹೊಳೆಸಿದ್ದರೆಂದರೆ, ತಾವು ಬಾಗಿ, "ಅಮ್ಮಾ, ನಿಮ್ಮ ಹೂದಾನಿ ಯಾರೋ ಮರೆತು ಹೊರಗಿಟ್ಟಿದ್ರು. ಲಾರಿಗೆ ಹೋಗ್ಬಿಡ್ತಿತ್ತು" ಎಂದಿರಿ. ತಮ್ಮನ್ನು ಹೊಸಿಲಲ್ಲಿ ಕಂಡ ಅಜ್ಜಿ ತಪ್ಪೊಪ್ಪಿಕೊಳ್ಳುವುದನ್ನೇ ಮರೆತರು. ಹಸಿರು ಟೀ ಮಾಡಿಕೊಟ್ಟರು. ತಾವು ಕುಡಿದಿರಿ, ಹೊಗಳಿದಿರಿ, ಹೋದಿರಿ. ಆ ಡಬ್ಬಿಯಲ್ಲಿ ಈಗ ಪ್ಲಮ್ ಹೂವಿನ ಕೊಂಬೆ ಇದೆ. ಅಜ್ಜಿ ಅದನ್ನು ನೋಡಿ ಒಮ್ಮೆ ನಗುತ್ತಾರೆ, ಒಮ್ಮೆ ಅಳುತ್ತಾರೆ. ಯಾವಾಗ ಯಾವುದು ಎಂದು ತಿಳಿಯದೆ ನಾನು ಅಡುಗೆಮನೆಗೆ ಹೋಗುವುದನ್ನೇ ಕಡಿಮೆ ಮಾಡಿದ್ದೇನೆ.

ಆಮೇಲೆ ನಾನು ತಮ್ಮಂಗಡಿಗೇ ಬಂದು, ಸುಮ್ಮನೆ ಒಂದು ಚೀಟಿಗೆ ಸಹಿ ಹಾಕಿ ಕೊಡಿ, ಯಾರಿಗೂ ಗೊತ್ತಾಗುವುದಿಲ್ಲ ಎಂದು ಬೇಡಿಕೊಂಡದ್ದು ತಮಗೆ ನೆನಪಿರಬಹುದು. ತಾವು ವಡೆ ತಿರುವುತ್ತಿದ್ದ ಕಡ್ಡಿಯನ್ನು ಕೆಳಗಿಟ್ಟಿರಿ. "ಆಗಲ್ಲ ಇಬುಕಿ" ಎಂದಿರಿ. "ಮೇಲಿನ ದರ್ಜೆಗೆ ಹೋಗೋ ಮ್ಯಾಚು ಅದು. ನಾನು ಆ ಹುಡುಗನ್ನ ಮುಟ್ಟಿರ್ಲಿಲ್ಲ. ಆದ್ರೂ ಎರಡನೇ ಹಳದಿ ತೋರ್ಸಿ ಆಚೆ ಕಳಿಸಿದ್ರು. ತಂಡ ಸೋತೋಯ್ತು. ಅವತ್ತೇ ಅಂದ್ಕೊಂಡೆ, ಯಾವತ್ತಾದ್ರೂ ನನ್ನ ಕೈಗೆ ಕಾರ್ಡು ಬಂದ್ರೆ, ತಪ್ಪು ಮಾಡದೋರಿಗೆ ತೋರ್ಸಲ್ಲ ಅಂತ. ನಿಮ್ಮಜ್ಜಿ ಚೀಲ ನಾನು ನೋಡಿದೀನಿ. ಅಂಥಾ ಚೀಲಕ್ಕೆ ಹಳದಿ ಅಂಟ್ಸೋದು ಪಾಪ." ನಾನು ಲೇವಡಿ ಮರೆತು, ತಮಗೆ ಬಾಗಿ ನಮಸ್ಕರಿಸಿ ಬರಿಗೈಯಲ್ಲಿ ಮನೆಗೆ ಬಂದೆ. ಲೇವಡಿ ಮಾಡುವುದೇ ಕಸುಬಾಗಿರುವ ನನಗೆ ಹೀಗಾದದ್ದು ಮೊದಲು. ಇದನ್ನೂ ದೂರಿನಲ್ಲಿ ಸೇರಿಸಿಕೊಳ್ಳತಕ್ಕದ್ದು.

ಆದರೆ ಮಾನ್ಯರೇ, ತಮ್ಮ ಜನಪ್ರಿಯತೆ ಎಂಬ ಈ ಪಿಡುಗು ಕೊನೆಗೊಂದು ಉಪಕಾರ ಮಾಡಿದೆ. ತಮ್ಮ ವಿದೇಶಿ ಭಕ್ತರು ಬೇರೆ ಕೆಲಸವಿಲ್ಲದೆ ತಮ್ಮ ಹಳೇ ಪಂದ್ಯಗಳನ್ನೆಲ್ಲ ಅಗೆದು ತೆಗೆಯುತ್ತಿದ್ದಾರಷ್ಟೇ? ಹೋದ ವಾರ ಅದೇ ಪಂದ್ಯದ ಒಂದು ವಿಡಿಯೊ ತುಣುಕು ಮೇಲೆ ಬಂತು. ರೆಫರಿ ಎರಡನೇ ಹಳದಿ ಎತ್ತುತ್ತಾರೆ. ತಾವು ಬಾಗುತ್ತೀರಿ. ಬಾಗಿದ ಬೆನ್ನಿಗೆ ಎಡಗಡೆಯಿಂದ ಕಿತ್ತಳೆ ಬಣ್ಣದ ಏನೋ ಒಂದು ಹಾರಿಬಂದು ಬಡಿಯುತ್ತದೆ. ತಾವು ಅದನ್ನು ಎತ್ತಿಕೊಂಡು, ಪ್ರೇಕ್ಷಕರ ಕಡೆಗೂ ಒಮ್ಮೆ ಬಾಗಿ, ಅದನ್ನು ಕೈಯಲ್ಲೇ ಹಿಡಿದು ಒಳಗೆ ಹೋಗುತ್ತೀರಿ. ಅದೇನು ಎಂಬ ಬಗ್ಗೆ ಜಗತ್ತು ಎರಡು ದಿನ ನಿದ್ದೆಗೆಟ್ಟಿತು. ಹಕ್ಕಿ ಎಂದರು ಕೆಲವರು. ಪಟಾಕಿ ಎಂದರು ಹಲವರು. ಪೆರುವಿನ ಭಕ್ತರೊಬ್ಬರು ಅದು ತಮ್ಮ ಆತ್ಮವೆಂದೂ, ದೇಹಕ್ಕೆ ಮರಳುತ್ತಿದೆಯೆಂದೂ ಸಾಧಿಸಿದರು.

ಅದು ಮಿಕಾನ್. ನಮ್ಮೂರ ಗುಡ್ಡದ ಸಿಹಿ ಕಿತ್ತಳೆ. ನಾನು ಆ ತುಣುಕನ್ನು ನಿಧಾನಗೊಳಿಸಿ, ದೊಡ್ಡದು ಮಾಡಿ, ಮೂಗು ಪರದೆಗೆ ತಾಗುವಂತೆ ನೋಡಿದೆ. ಎಸೆದ ತೋಳಿಗೆ ಮನೆಯಲ್ಲಿ ಹೆಣೆದ ನೀಲಿ ಸ್ವೆಟರ್. ಮಣಿಕಟ್ಟಿನಲ್ಲಿ, ತಾವು ದಯವಿಟ್ಟು ಕುಳಿತುಕೊಂಡು ಓದಬೇಕು, ರಬ್ಬರ್ ಬ್ಯಾಂಡಿನ ಬಳೆಗಳು.

ಮೊಬೈಲನ್ನು ಅಜ್ಜಿಯ ಮುಂದೆ ಹಿಡಿದೆ. ಅವರು ಕನ್ನಡಕ ಏರಿಸಿ ನೋಡಿ, "ಆ ಕೈ ನಂದಲ್ಲ" ಎಂದರು. ಇನ್ನೊಮ್ಮೆ ತೋರಿಸಿದೆ. ಕನ್ನಡಕ ತೆಗೆದು ಒರೆಸುತ್ತಾ, "ರೆಫರಿಗೆ ಅಂತ ಎಸೆದಿದ್ದು ಕಣೋ. ಗಾಳಿ ಇತ್ತು" ಎಂದರು. ಅದಾದ ಮೇಲೆ ದಿಗ್ಗನೆ ಎದ್ದು ನಿಂತರು. ನಾವಿಬ್ಬರೂ ಒಟ್ಟಿಗೇ ಫ್ರಿಜ್ಜಿನ ಕಡೆ ನೋಡಿದೆವು.

ಆದ್ದರಿಂದ, ತಪ್ಪಿಲ್ಲದವರಿಗೆ ಚೀಟಿ ಇಲ್ಲ ಎಂಬ ತಮ್ಮ ಮಹಾವ್ರತಕ್ಕೆ ಕಿಂಚಿತ್ತೂ ಭಂಗ ಬಾರದಂತೆ, ಆರೋಪಗಳನ್ನು ಇಲ್ಲಿ ನಿವೇದಿಸುತ್ತೇನೆ. ಸದರಿ ಕತ್ಸುಮತ ಕಿನು ಅವರು ಉರಿಯುವ ಕಸದ ಜಾತಿಗೆ ಸೇರಿದ ಹಣ್ಣೊಂದನ್ನು, ಮಂಗಳವಾರವೂ ಶುಕ್ರವಾರವೂ ಅಲ್ಲದ ಭಾನುವಾರ, ಬೆಳಿಗ್ಗೆ ಎಂಟರೊಳಗೆ ಎಂಬ ನಿಯಮ ಮೀರಿ ನಡುಮಧ್ಯಾಹ್ನ, ನಿಗದಿತ ಚೀಲವಿಲ್ಲದೆ, ಕಾಗೆಬಲೆ ಹೊದಿಸದೆ, ಹಸಿ ಕಸದ ನೀರನ್ನು ಕಡ್ಡಾಯವಾಗಿ ಹಿಂಡಿ ಬಸಿಯಬೇಕೆಂಬುದನ್ನು ಗಾಳಿಗೆ ತೂರಿ ರಸಸಮೇತ, ಸಾರ್ವಜನಿಕವಾಗಿ ವಿಸರ್ಜಿಸಿರುತ್ತಾರೆ. ಘಟನೆ ಹಳೆಯದು ಎಂದು ತಾವು ಜಾರಿಕೊಳ್ಳುವಂತಿಲ್ಲ; ಕಸದ ನಿಯಮಗಳಲ್ಲಿ ಹಳೆಯ ಕಸಕ್ಕೆ ಮಾಫಿ ಎಂದು ಎಲ್ಲೂ ಇಲ್ಲ. ವ್ಯಾಪ್ತಿಗೆ ಬರುವುದಿಲ್ಲ ಎನ್ನುವಂತಿಲ್ಲ. ಆ ಮೈದಾನದ ಎಡಗಡೆಯ ಗೋಡೆ ನಮ್ಮ ಕೇರಿಯ ಗಡಿಯೊಳಗೇ ಇದೆ, ನಾನು ನಡೆದು ಹೋಗಿ ನೋಡಿ ಬಂದಿದ್ದೇನೆ. ಸಾಕ್ಷಿ ಇಲ್ಲ ಎನ್ನುವಂತೆಯೂ ಇಲ್ಲ. ಸಾಕ್ಷಿಗಳ ಸಂಖ್ಯೆ ಗಂಟೆಗಂಟೆಗೂ ಏರುತ್ತಿದೆ, ಪೆರುವಿನವರೊಬ್ಬರನ್ನು ಬಿಟ್ಟು.

ಇಷ್ಟು ಸ್ಪಷ್ಟವಾದ ತಪ್ಪಿಗೆ ತಾವು ಚೀಟಿ ಕೊಡದಿದ್ದರೆ ಅದು ಪಕ್ಷಪಾತವಾಗುತ್ತದೆ, ಮತ್ತು ಪಕ್ಷಪಾತಿ ರೆಫರಿಗಳ ಮೇಲೆ ಈ ಊರಿನಲ್ಲಿ ಏನು ಹಾರಿಬರುತ್ತದೆ ಎಂಬುದನ್ನು ತಮ್ಮ ಬೆನ್ನೇ ಬಲ್ಲದು. ಜೊತೆಗೆ ಕೆಲವು ಸಣ್ಣ ಕೋರಿಕೆಗಳು: ಏಪ್ರಿಲ್ ಒಂದರಿಂದ ತಾವು ಜಗತ್ತಿಗೆ ಬೇಸರ ಬರುವಂಥ ಮನುಷ್ಯರಾಗಬೇಕು, ಕಾಗೆಗಳನ್ನು ಖುದ್ದಾಗಿ ಭೇಟಿಯಾಗಿ ಕ್ಷಮೆ ಕೇಳಿ ವಾಪಸ್ ಕರೆತರಬೇಕು, ತಮ್ಮ ಬಗ್ಗೆ ಅಂತರ್ಜಾಲದಲ್ಲಿ ಬಂದಿರುವ ಮಾತುಗಳನ್ನೆಲ್ಲ ಉರಿಯುವುದು, ಉರಿಯದ್ದು ಎಂದು ವಿಂಗಡಿಸಿ ಹೊರಗಿಡಬೇಕು, ನಮ್ಮ ಮೂಲಂಗಿಗೆ ಜೊತೆಯಾಗಿ ಎರಡು ಮೀನುವಡೆ ತೆಗೆದಿರಿಸಬೇಕು. ಇವುಗಳಲ್ಲಿ ಕೊನೆಯದನ್ನು ಬಿಟ್ಟು ಉಳಿದವು ಅಷ್ಟು ತುರ್ತಲ್ಲ.

ಶುಕ್ರವಾರ ಬೆಳಿಗ್ಗೆ ಅಜ್ಜಿ ಹಾಜರಿರುತ್ತಾರೆ. ಸ್ವೆಟರಿನ ನುಸಿಗುಳಿಗೆಯ ವಾಸನೆ ಹೋಗಲೆಂದು ಮಾಳಿಗೆಯಲ್ಲಿ ಬಿಸಿಲಿಗೆ ಹಾಕಿದ್ದಾರೆ. ಒಂದು ಎಚ್ಚರಿಕೆ: ಅವರು ತಪ್ಪನ್ನು ಒಪ್ಪಿಕೊಳ್ಳುವ ಸ್ಥಿತಿಯಲ್ಲಿಲ್ಲ. "ಮೊದ್ಲು ತಪ್ಪು ಮಾಡಿದ್ದು ಆ ರೆಫರಿ. ನಾನ್ಯಾಕೆ ಚೀಟೀನ ಸುಮ್ನೆ ತಗೋಬೇಕು? ಬಿಡಲ್ಲ ನಾನು" ಎನ್ನುತ್ತಾ ನಾಲ್ಕು ದಿನದಿಂದ ಸಂಜೆ ಲೂಸಿಮಾರ ಅವರ ಅಂಗಳದಲ್ಲಿ ಪಾಠಕ್ಕೆ ಹೋಗುತ್ತಿದ್ದಾರೆ. ಕೈ ಆಕಾಶಕ್ಕೆ ಎತ್ತುವುದು ಚೆನ್ನಾಗಿ ಬಂದಿದೆ. "ಮುಖದಲ್ಲಿ ಇನ್ನೂ ನೋವು ಬರ್ಲಿ ಅಜ್ಜಿ, ನಿಮ್ಮನ್ನ ಯಾರೋ ಕೊಂದ ಹಾಗೆ!" ಎಂದು ಗುರುಗಳು ಕೂಗುವುದು ನಮ್ಮ ಮನೆಗೂ ಕೇಳಿಸುತ್ತದೆ. ನೆಲಕ್ಕುರುಳುವುದನ್ನು ಮಾತ್ರ, ಮೊಣಕಾಲಿನ ಡಾಕ್ಟರು ಬೇಡವೆಂದಿರುವ ಕಾರಣ, ಅಜ್ಜಿಯ ಪರವಾಗಿ ನಾನು ಮಾಡುವುದೆಂದು ನಿಶ್ಚಯವಾಗಿದೆ. ಯೊನೆ ಅಜ್ಜಿಯವರಿಗೆ ಮುಂದಿನ ಸಾಲಿನಲ್ಲಿ ಮಡಚುವ ಕುರ್ಚಿ ಕಾಯ್ದಿರಿಸಲಾಗಿದೆ; ಅದು ಅಜ್ಜಿಯ ಏಕೈಕ ಷರತ್ತು.

ತಮ್ಮ ಸೀಟಿಯ ದನಿಗಾಗಿ ಕಿವಿ ತೆರೆದಿಟ್ಟುಕೊಂಡು, ಹೊಸಿಲಿಗೆ ಹಣೆ ಹಚ್ಚಿ,

ತಮ್ಮ ವಿಶ್ವಾಸಿ,
ಕತ್ಸುಮತ ಇಬುಕಿ
(ಆಪಾದಿತೆಯ ಮೊಮ್ಮಗ, ಬದಲಿ ಉರುಳುಗಾರ)

ತಾ.ಕ.: ಆ ತುಣುಕಿನಲ್ಲಿ ತಾವು ಹಣ್ಣನ್ನು ಕೈಯಲ್ಲಿ ಹಿಡಿದು ಒಳಗೆ ಹೋಗುವುದು ಕಾಣುತ್ತದೆ; ಅದು ಹೊರಗೆ ಬಂದದ್ದು ಎಲ್ಲೂ ಕಾಣುವುದಿಲ್ಲ. ಅಜ್ಜಿಗೆ ಈಗ ಇದೊಂದೇ ಚಿಂತೆ. "ತಿಂದ್ರಾ? ಸಿಹಿ ಇತ್ತಾ? ಕೇಳು" ಎಂದು ಬೆನ್ನು ಬಿದ್ದಿದ್ದಾರೆ. ತಿಂದಿದ್ದೀರಾದರೆ, ಸಿಪ್ಪೆಯನ್ನು ಆ ಭಾನುವಾರ ತಾವು ಯಾವ ಬುಟ್ಟಿಗೆ ಹಾಕಿದಿರಿ ಎಂಬುದನ್ನೂ ತಿಳಿಸುವ ಕೃಪೆ ಮಾಡಬೇಕು. ಶುಕ್ರವಾರ ಬರುವಾಗ ಎರಡು ಚೀಟಿ ಹಿಡಿದುಕೊಂಡೇ ಬನ್ನಿ; ಒಂದನ್ನು ತಮ್ಮ ಎದೆಗೆ ಅಂಟಿಸಲು ಅಜ್ಜಿ ಈಗಾಗಲೇ ಅಂಗಿಯ ತೋಳು ಮಡಚಿ ನಿಂತಿದ್ದಾರೆ, ಈ ಸಲ ಗಾಳಿಯೂ ಇಲ್ಲ.